‘ಏನೂ ಇಲ್ಲ’ ಎಂಬುದು ಔಷಧಿಯಲ್ಲ

ಸರ್ಕಾರಿ ಆಸ್ಪತ್ರೆಯ ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ,

ನಿಮ್ಮಲ್ಲಿ ಚೀಟಿ ಕೊಡುವ ಕಿಟಕಿಯ ಮೇಲೆ ಹೊಸ ಫಲಕವೊಂದು ತೂಗುತ್ತಿದೆ: ‘ಕಾಯಿಲೆ ಇಲ್ಲದವರು ಪದೇಪದೇ ಬಂದು ವೈದ್ಯರ ಸಮಯ ಹಾಳು ಮಾಡಬಾರದು.’ ಅಕ್ಷರಗಳು ದುಂಡಗಿವೆ, ಬಣ್ಣವೂ ಚೆನ್ನಾಗಿದೆ. ನನ್ನದೊಂದು ಸಣ್ಣ ಸಂದೇಹ: ಕಾಯಿಲೆ ಇದೆಯೋ ಇಲ್ಲವೋ ಎಂದು ಮನೆಯಲ್ಲೇ ತೀರ್ಮಾನಿಸುವಷ್ಟು ಜಾಣರಾಗಿದ್ದರೆ ಜನ ನಿಮ್ಮ ಬಾಗಿಲಿಗೇಕೆ ಬರುತ್ತಿದ್ದರು? ಈ ಫಲಕ ನನ್ನ ಗಂಡನನ್ನು ಕಂಡೇ ಬರೆಸಿದ್ದೆಂದು ನಿಮ್ಮ ಸಿಬ್ಬಂದಿಯೇ ನಗುತ್ತ ಹೇಳಿದರು. ಆದ್ದರಿಂದ ಉತ್ತರ ಕೊಡುವ ಹಕ್ಕು ನನಗಿದೆ.

ನನ್ನ ಗಂಡ ಕಾರು ಓಡಿಸಲು ಕಲಿಸುವವರು. ಕಲಿಯುವವರ ಪಕ್ಕದಲ್ಲಿ, ತಮ್ಮ ಕಾಲಡಿಯೂ ಒಂದು ಬ್ರೇಕ್ ಇಟ್ಟುಕೊಂಡು, ಎದುರಿಗೆ ಲಾರಿ ಬಂದರೂ ‘ಗಾಬರಿ ಬೇಡ, ನಾನಿದ್ದೀನಿ’ ಎಂದು ತಣ್ಣಗೆ ಹೇಳುವ ಮನುಷ್ಯ. ಜೊತೆಗೆ ಕೆಲಸ ಮಾಡುತ್ತಿದ್ದ ಗೆಳೆಯರೊಬ್ಬರು ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡ ಮೇಲೆ ಇವರ ಕೈ ತಮ್ಮದೇ ಎದೆಯ ಮೇಲೆ ಹೋಗತೊಡಗಿತು. ಮೊದಮೊದಲು ಮೆಟ್ಟಿಲು ಹತ್ತಿದಾಗ, ಆಮೇಲೆ ತೇಗು ಬಂದಾಗ, ಕೊನೆಗೆ ಸುಮ್ಮನೆ ಕೂತಾಗಲೂ. ಫೋನಿನಲ್ಲಿ ರೋಗಲಕ್ಷಣ ಹುಡುಕುವುದು, ಓದಿದ್ದೆಲ್ಲ ತಮಗಿದೆ ಎನ್ನುವುದು.

ಒಂದು ಬೆಳಿಗ್ಗೆ ಮೇಲ್ಸೇತುವೆಯ ಏರಿನಲ್ಲಿ ಅವರ ಮುಖ ಬಿಳಿಚಿಕೊಂಡಿತು. ಸ್ಟಿಯರಿಂಗ್ ಹಿಡಿದಿದ್ದವರು ಬ್ಯಾಂಕಿನಿಂದ ನಿವೃತ್ತರಾದ ಹೆಂಗಸು.

“ನನಗೆ ಹಾರ್ಟ್ ಅಟ್ಯಾಕ್ ಆಗ್ತಿದೆ. ಗಾಡಿ ನಿಲ್ಸಿ.”

“ಏರಲ್ಲಿ ನಿಲ್ಸೋದು ನೀವಿನ್ನೂ ಹೇಳ್ಕೊಟ್ಟಿಲ್ಲ ಸಾರ್.”

ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಆಕೆ ಜೀವ ಕೈಯಲ್ಲಿ ಹಿಡಿದು, ಗೇರು ಬದಲಿಸಲೂ ಹೆದರಿ, ಹಾಗೇ ಉರುಳಿಸಿಕೊಂಡು ನಿಮ್ಮ ತುರ್ತು ವಿಭಾಗದ ಬಾಗಿಲಿಗೇ ತಂದು ನಿಲ್ಲಿಸಿದರು. ಫೋನ್ ಬಂದು ನಾನು ಓಡಿ ಬರುವಷ್ಟರಲ್ಲಿ ಇಸಿಜಿ ಮುಗಿದಿತ್ತು, ಸರಿಯಿತ್ತು. “ಏನೂ ಇಲ್ಲ, ಗ್ಯಾಸು. ಮನೆಗೆ ಹೋಗಿ” ಎಂದರು ವೈದ್ಯರು. ಆ ಸಮಾಧಾನ ಗೇಟಿನ ತನಕ ಬಾಳಿತು. ಗೇಟಿನಲ್ಲಿ ಇವರು ನನ್ನ ತೋಳು ಹಿಡಿದು ಕೇಳಿದರು: “ಅವರ ಮಷೀನ್ ಸರಿ ಇತ್ತಾ?”

ಮತ್ತೆ ಬಂದೆವು. ಮತ್ತೆ ಮತ್ತೆ ಬಂದೆವು. ಬೇಸತ್ತ ವೈದ್ಯರು ಇನ್ನೊಂದು ಪರೀಕ್ಷೆಗೆ ಬರೆದುಕೊಟ್ಟರು, ಪ್ರತಿ ಪರೀಕ್ಷೆಯೂ ಇನ್ನೊಂದು ಅನುಮಾನ ಹುಟ್ಟಿಸಿತು. ಕೊನೆಗೊಬ್ಬರು ಸಾಲಿನಲ್ಲಿದ್ದವರೆಲ್ಲ ಕೇಳುವಂತೆ, “ಮತ್ತೆ ಬಂದ್ರಾ ಹಾರ್ಟ್ ಸಾರ್? ನಿಮ್ಮ ಹಾರ್ಟು ನಮ್ಮದಕ್ಕಿಂತ ಗಟ್ಟಿಯಾಗಿದೆ” ಎಂದರು. ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ಮರುದಿನದಿಂದ ಕೆಲಸಕ್ಕೆ ಹೋಗಲಿಲ್ಲ. ನಗೆಪಾಟಲು ಮಾಡುವುದು ಯಾವ ವೈದ್ಯಶಾಸ್ತ್ರದ ಚಿಕಿತ್ಸೆ, ಮಾನ್ಯರೇ? ನಿಮ್ಮವರು ಸುಳ್ಳು ಹೇಳಲಿಲ್ಲ, ಒಪ್ಪುತ್ತೇನೆ. ಹೃದಯಕ್ಕೆ ಏನೂ ಆಗಿರಲಿಲ್ಲ. ಹೃದಯದ ಸುತ್ತಲಿದ್ದ ಮನುಷ್ಯನಿಗೆ ಆಗಿತ್ತು.

ದಾರಿ ತೋರಿಸಿದವರು ಅದೇ ಬ್ಯಾಂಕಿನ ಹೆಂಗಸು. ವಿಚಾರಿಸಿಕೊಳ್ಳಲು ಬಂದವರು, “ನನ್ನ ತಂಗಿಗೂ ಹೀಗೇ ಇತ್ತು” ಎಂದು ಪಕ್ಕದೂರಿನ ಮನೋವೈದ್ಯೆಯ ವಿಳಾಸ ಕೊಟ್ಟರು. ಆ ವೈದ್ಯೆ ಹಳೆಯ ವರದಿಗಳನ್ನೆಲ್ಲ ತಾಳ್ಮೆಯಿಂದ ನೋಡಿ ಹೇಳಿದರು: “ನೀವು ನಾಟಕ ಮಾಡ್ತಿಲ್ಲ. ಎದೆ ಬಡ್ಕೊಳ್ಳೋದು ನಿಜ, ಬೆವರೋದು ನಿಜ. ಅದಕ್ಕೆ ನೀವು ಕೊಡ್ತಿರೋ ಅರ್ಥ ತಪ್ಪು. ಇದೂ ಒಂದು ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ.” ನನ್ನ ಗಂಡ ಬಿಕ್ಕಿ ಬಿಕ್ಕಿ ಅತ್ತರು. ವೈದ್ಯೆ ನನ್ನ ಕಡೆ ತಿರುಗಿದರು. “ಹೆದರಿಕೊಂಡಾಗ ನೀವೇನ್ ಮಾಡ್ತೀರಮ್ಮ?”

“ನಾಡಿ ಹಿಡಿದು, ಏನಿಲ್ಲ ರೀ ಅಂತೀನಿ.”

“ಅದನ್ನ ನಿಲ್ಲಿಸ್ಬೇಕು. ನೀವು ಪ್ರತಿ ಸಲ ಧೈರ್ಯ ಹೇಳಿದಾಗ್ಲೂ ಭಯಕ್ಕೆ ಊಟ ಹಾಕಿದ ಹಾಗೆ.”

ನಿಜವಾಗಿಯೂ ಯಾವಾಗ ಆಸ್ಪತ್ರೆಗೆ ಓಡಬೇಕೆಂಬುದನ್ನೂ ಬಿಡಿಸಿ ಹೇಳಿದರು. ಕೆಲವು ತಿಂಗಳು ಮಾತ್ರೆ, ವಾರವಾರ ಮಾತುಕತೆ. ಕೇಳಲು ಸುಲಭ. ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಇವರು ಕೈ ಚಾಚಿದರು.

“ಒಂದೇ ಒಂದ್ಸಲ ಹಿಡಿದು ನೋಡೇ.”

“ನೋಡಲ್ಲ ರೀ.”

“ನಾನ್ ಸತ್ರೆ?”

“ಇಲ್ಲೇ ಇರ್ತೀನಿ. ನೋಡಲ್ಲ.”

ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದೆ. ಇವತ್ತೇ ನಿಜವಾಗಿಬಿಟ್ಟರೆ? ಕೊಂದವಳು ನಾನೇ ಆಗುತ್ತೇನಲ್ಲ? ಹಿಂದೆ ಅವರು ಗೋಡೆಗೊರಗಿ ನೆಲಕ್ಕೆ ಕುಸಿದು ಕೂತದ್ದು, ಉಸಿರು ಎಳೆದೆಳೆದು ಬಿಡುತ್ತಿದ್ದದ್ದು ಕೇಳುತ್ತಿತ್ತು. ಎಷ್ಟು ಹೊತ್ತಾಯಿತೋ. “ಸ್ವಲ್ಪ ಇಳೀತಿದೆ ಅನ್ಸುತ್ತೆ” ಎಂದರು. ನೋಡಿದರೆ ನಾನು ಅಷ್ಟು ಹೊತ್ತೂ ಒಂದೇ ಪಾತ್ರೆಯನ್ನು ತೊಳೆಯುತ್ತಿದ್ದೆ.

ಭಯ ಪೂರ್ತಿ ಹೋಗಿಲ್ಲ. ಬರುತ್ತದೆ, ಕೂರುತ್ತದೆ, ಯಾರೂ ಉಪಚಾರ ಮಾಡದೆ ಎದ್ದು ಹೋಗುತ್ತದೆ. ಇವರು ಕೆಲಸಕ್ಕೆ ಮರಳಿದ್ದಾರೆ.

ನಿಮ್ಮ ಕಟ್ಟಡದಲ್ಲೂ ‘ಮಾನಸಿಕ ಆರೋಗ್ಯ ವಿಭಾಗ’ ಎಂಬ ಕೋಣೆಯಿದೆ. ಕಳೆದ ವಾರ ಹೋಗಿ ನೋಡಿದೆ. ಒಳಗೆ ಮುರಿದ ಮಂಚಗಳು ಒಂದರ ಮೇಲೊಂದು ಚಿಕಿತ್ಸೆ ಪಡೆಯುತ್ತಿವೆ. ಅವನ್ನು ತೆಗೆಸಿ ಅಲ್ಲೊಬ್ಬ ವೈದ್ಯರನ್ನು ಕೂರಿಸಿ. ‘ಏನೂ ಇಲ್ಲ’ ಎಂದಮೇಲೆ ‘ಆದರೆ ಈ ಭಯಕ್ಕೂ ಚಿಕಿತ್ಸೆಯಿದೆ, ಆ ಕೋಣೆಗೆ ಹೋಗಿ’ ಎಂಬ ಒಂದು ಸಾಲನ್ನು ನಿಮ್ಮವರಿಗೆ ಕಲಿಸಿ.

ಅಂದು ಹೊರಡುವಾಗ, ಕತ್ತಿನ ಗಂಟನ್ನು ಒತ್ತಿ ಒತ್ತಿ ಕೆಂಪಗೆ ಮಾಡಿಕೊಂಡ ಯುವತಿಯೊಬ್ಬಳು ವೈದ್ಯರ ಕೊಠಡಿಯಿಂದ ಹೊರಬಂದಳು. “ಏನೂ ಇಲ್ವಂತೆ” ಎಂದು ಅಮ್ಮನಿಗೆ ಹೇಳುತ್ತ ನಕ್ಕಳು. ನಗು ಮುಗಿಯುವ ಮೊದಲೇ ಕೈ ಮತ್ತೆ ಕತ್ತಿಗೆ ಹೋಯಿತು. ಅವಳು ನಾಳೆ ಬಂದಾಗ ಎಲ್ಲಿಗೆ ಕಳಿಸುತ್ತೀರಿ? ಉತ್ತರ ಲಿಖಿತವಾಗಿ ಬೇಕು.

ಇಂತಿ,
ನಿಮ್ಮ ಲೆಕ್ಕದಲ್ಲಿ ಎಲ್ಲರೂ ಆರೋಗ್ಯವಾಗಿರುವ ಮನೆಯೊಂದರ ಯಜಮಾನಿ