ಬೆರಳಿಗೆ ಸುತ್ತಿದ ಬಟ್ಟೆ

ಹೊಸ ತಿಪ್ಪಸಂದ್ರ,
೧೮ ನವೆಂಬರ್ ೨೦೦೧, ಭಾನುವಾರ

ಚಿ. ಸೌ. ಆಶ್ರಿತಾಳಿಗೆ ಅಮ್ಮನ ಆಶೀರ್ವಾದಗಳು.

ಮೊನ್ನೆ ತಾನೇ ಬಂದು ಹೋದ ಮಗಳಿಗೆ ಇದೆಂಥ ಕಾಗದ ಅಂತ ನಿನಗೆ ಅನ್ನಿಸುತ್ತದೆ. ಫೋನಿದೆಯಲ್ಲ ಅಂತಲೂ ಕೇಳುತ್ತೀಯ. ಫೋನಿರುವುದು ನಡುಮನೆಯಲ್ಲಿ, ಅದರ ಪಕ್ಕದ ಕುರ್ಚಿಯಲ್ಲಿ ನಿಮ್ಮಪ್ಪ ಪೇಪರ್ ಹಿಡಿದು ಕೂತಿರುತ್ತಾರೆ. ಅದೂ ಅಲ್ಲದೆ, ಬಾಯಲ್ಲಿ ನನಗೆ ಸುಳ್ಳು ಬಹಳ ಸಲೀಸಾಗಿ ಬರುತ್ತದೆ ಅನ್ನುವುದು ಈಗೀಗ ನನಗೇ ಗೊತ್ತಾಗಿದೆ. ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ತೋರುಬೆರಳಿಗೆ ಗಾಯವಾಗಿದೆ. ಅದರ ಕಥೆಯೂ ಮುಂದೆ ಬರುತ್ತದೆ.

ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ನೀನು, ಅಳಿಯಂದಿರು ಬಂದು ಮನೆ ತುಂಬಿತ್ತು. ಹೊರಡುವ ದಿನ ನೀನು ಅಡುಗೆಮನೆಯ ದೊಡ್ಡ ಭರಣಿಯ ಮುಚ್ಚಳ ತೆಗೆದು, "ಅಯ್ಯೋ, ಈ ವರ್ಷ ಇನ್ನೂ ನೆಲ್ಲಿಕಾಯಿ ಹಾಕಿಲ್ವಾ? ಒಳ್ಳೇದೇ ಆಯ್ತು ಬಿಡು" ಅಂದೆ. ಬರುವ ಶನಿವಾರ ನಿಮ್ಮತ್ತೆಯವರನ್ನೂ ಕರೆದುಕೊಂಡು ಬರುತ್ತೀಯಂತೆ, ಮೈಸೂರಿನಿಂದಲೇ ಕಾಯಿ ತರುತ್ತೀರಂತೆ, ಅಜ್ಜಿಯ ಬೆಲ್ಲದ ನೆಲ್ಲಿಕಾಯಿಯನ್ನು ನಾನು ಇಬ್ಬರಿಗೂ ಹೇಳಿಕೊಡಬೇಕಂತೆ. ನೀವು ಊರು ತಲುಪುತ್ತಿದ್ದ ಹಾಗೇ ನಿಮ್ಮತ್ತೆ ಪ್ರಿಯಂವದಾ ಅವರೇ ಫೋನ್ ಮಾಡಿ, "ನಿಮ್ಮ ಕೈಗುಣ ಕಲಿಯೋಕೆ ಬರ್ತಿದೀನಿ ಸುಬ್ಬಲಕ್ಷ್ಮಿಯವರೇ" ಅಂದರು. ನಾನು ನಕ್ಕೆ. ಬನ್ನಿ ಬನ್ನಿ ಅಂದು ಫೋನಿಟ್ಟೆ.

ಅದಕ್ಕಿಂತ ಮುಂಚೆ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನೀನು ಇನ್ನೊಂದು ಮಾತು ಹೇಳಿದೆ. "ಹಬ್ಬಕ್ಕೆ ಪಾತ್ರೆ ತೊಳೆಯೋಕೆ ಬರ್ತಿದ್ದ ಆ ಅಮೃತಮ್ಮ ಈಗ್ಲೂ ಬರ್ತಾಳಾ? ಆ ಕಳ್ಳೀನ ಮನೆಯೊಳಗೆ ಸೇರಿಸ್ಬೇಡಮ್ಮ" ಅಂದೆ. ನಾನು ನಿನ್ನ ಸೆರಗು ಸರಿಮಾಡಿದೆ.

ಆಶ್ರಿತಾ, ಐದು ವರ್ಷದಿಂದ ನೀನು ತಿಂದ ನೆಲ್ಲಿಕಾಯಿ ನನ್ನ ಕೈಯದಲ್ಲ. ಅಮೃತಮ್ಮನ ಕೈಯದು.

ಬರೆದಾಯಿತು. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ನಿನ್ನಜ್ಜಿ ಇದ್ದಾಗ ಹೇಗಿತ್ತು ನಿನಗೆ ನೆನಪಿದೆ. ನವರಾತ್ರಿಯ ಬೊಂಬೆಗಳನ್ನು ಪೆಟ್ಟಿಗೆಗೆ ಸೇರಿಸಿ, ಬಿಸಿಲು ಮೆತ್ತಗಾದ ಮೇಲೆ, ಒಂದು ಭಾನುವಾರ ನಿಮ್ಮಪ್ಪ ಎರಡು ಚೀಲ ನೆಲ್ಲಿಕಾಯಿ ತಂದು ಹಿತ್ತಲಲ್ಲಿ ಸುರಿಯುತ್ತಿದ್ದರು. ಎಲ್ಲರೂ ಸುತ್ತ ಕೂರಬೇಕು. ನೀನು ದಬ್ಬಣದಿಂದ ಒಂದೊಂದು ಕಾಯಿಗೂ ತೂತು ಚುಚ್ಚುವುದು, ನಿನ್ನ ತಮ್ಮ ಭಾರ್ಗವ್ ಬೆಲ್ಲ ಕುಟ್ಟುತ್ತೇನೆಂದು ಅರ್ಧ ತಿನ್ನುವುದು, ನಾನು ಏಲಕ್ಕಿ ಬಿಡಿಸುವುದು. ಒಲೆಯ ಮುಂದೆ ಮಾತ್ರ ಅಜ್ಜಿ ಯಾರನ್ನೂ ಬಿಡುತ್ತಿರಲಿಲ್ಲ. ನನ್ನನ್ನೂ ಬಿಡಲಿಲ್ಲ. "ನಿನಗೆ ಆಫೀಸಿದೆ, ನಿನಗ್ಯಾಕೆ ಇವೆಲ್ಲ" ಅನ್ನುತ್ತಿದ್ದರು. ಅದು ಕನಿಕರವೋ ಚುಚ್ಚುಮಾತೋ ಇವತ್ತಿಗೂ ನನಗೆ ತಿಳಿಯದು.

ಅವರು ಹೋದ ಮರುವರ್ಷ, ತೊಂಬತ್ತಾರರಲ್ಲಿ, ನಾನೇ ಹಾಕಿದೆ. ಯಾರನ್ನೂ ಹತ್ತಿರ ಸೇರಿಸಲಿಲ್ಲ. ಆಫೀಸಿನಿಂದ ಬಂದು, ಸೀರೆಯನ್ನೂ ಬದಲಾಯಿಸದೆ, ಗಡಿಬಿಡಿಯಲ್ಲಿ ತೊಳೆದು, ಪಾಕಕ್ಕೆ ಹಾಕಿ ಭರಣಿಗೆ ತುಂಬಿದೆ. ಹತ್ತು ದಿನಕ್ಕೆ ಮುಚ್ಚಳ ತೆಗೆದರೆ ಬೆಳ್ಳಗೆ ಬೂಷ್ಟು! ನಿಮಗೆಲ್ಲ ತೋರಿಸುವುದಕ್ಕೆ ಮುಖವಿಲ್ಲದೆ, ನೀವು ಕಾಲೇಜಿಗೆ ಹೋದ ಮೇಲೆ ಹಿತ್ತಲಲ್ಲಿ ನುಗ್ಗೆಮರದ ಬುಡ ಅಗೆದು ಹೂಳುತ್ತಿದ್ದೆ. ಆಗ ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರಲ್ಲ, ಅಲ್ಲಿ ಗಾರೆ ಕೆಲಸದ ಸಾಯಬಣ್ಣನ ಹೆಂಡತಿ ಅಮೃತಮ್ಮ ಕಾಂಪೌಂಡಿನ ಮೇಲಿಂದ ನೋಡಿ ಕೇಳಿದಳು: "ಯಾಕ್ರೀ ಅಕ್ಕೋರೆ, ತಿನ್ನೋ ವಸ್ತು ಮಣ್ಣಾಗ ಯಾಕ ಮುಚ್ಚಲಾಕತ್ತೀರಿ?"

ನಾನು ಅತ್ತುಬಿಟ್ಟೆ. ಗುರುತಿಲ್ಲದವಳ ಮುಂದೆ, ಮಣ್ಣು ಕೈಯಲ್ಲಿ. ಅವಳು ಗೋಡೆ ದಾಟಿ ಬಂದು ಒಂದು ಕಾಯಿ ಎತ್ತಿ ಮೂಸಿ, "ತೊಳ್ದ ಮ್ಯಾಲ ಒಣಗಿಸಿಲ್ರೀ ನೀವು, ಹಸಿ ಇದ್ದಾಗೇ ತುಂಬೀರಿ" ಅಂದಳು. ಕಲಬುರ್ಗಿ ಕಡೆ ಅವಳ ತಾಯಿ ಇಡೀ ಓಣಿಗೆ ನೆಲ್ಲಿಕಾಯಿ ಹಾಕಿಕೊಡುತ್ತಿದ್ದಳಂತೆ. ಹೊಸದಾಗಿ ಕಾಯಿ ತಂದುಕೊಟ್ಟೆ. ಸೈಟಿನಲ್ಲಿದ್ದ ಅವರ ಶೆಡ್ಡಿನಲ್ಲಿ, ಮೂರು ಕಲ್ಲಿನ ಒಲೆಯ ಮೇಲೆ ಅವಳು ಮಾಡಿಕೊಟ್ಟಳು. ಅಜ್ಜಿ ಎಂದೂ ಹಾಕದ ಓಮ ಒಂದು ಚಿಟಿಕೆ ಹಾಕಿದ್ದಳು.

ತುಳಸಿ ಹಬ್ಬದ ದಿನ ಬಡಿಸಿದೆ. ನಿಮ್ಮಪ್ಪ ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಓಮದ ಘಮ ನೋಡು. ನಾನು ಚಿಕ್ಕೋನಾಗಿದ್ದಾಗ ಅಮ್ಮ ಹೀಗೇ ಮಾಡ್ತಿದ್ರು. ಅಮ್ಮನ ಕೈ ನಿಂಗೆ ಬಂದಿದೆ ಸುಬ್ಬು" ಅಂದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರು ನನ್ನ ಅಡುಗೆಯನ್ನು ಹೊಗಳಿದ್ದು ಅದೇ ಮೊದಲು. ಆಗ ಬಾಯಿ ಬಿಡಬೇಕಿತ್ತು. ಇನ್ನೊಂದು ಚೂರು ಬಡಿಸಿದೆ.

ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಪ್ರತಿ ವರ್ಷ ಕಾರ್ತಿಕಕ್ಕೆ ಮುಂಚೆ ನೆಲ್ಲಿಕಾಯಿಗೆಂದು ಎರಡು ದಿನ ರಜೆ ಹಾಕುವುದು. ನೀವು ಮನೆ ಬಿಟ್ಟ ಮೇಲೆ ಭರಣಿಯನ್ನೂ ಚೀಲವನ್ನೂ ಆಟೋದಲ್ಲಿಟ್ಟುಕೊಂಡು ಮರ್ಫಿ ಟೌನಿಗೆ ಹೋಗುವುದು. ಅಷ್ಟರಲ್ಲಿ ಅಮೃತಮ್ಮ, ಸಾಯಬಣ್ಣ ಅಲ್ಲೊಂದು ಬಾಡಿಗೆ ಕೋಣೆ ಹಿಡಿದಿದ್ದರು. ಅವಳ ಕೈಗೆ ಒಪ್ಪಿಸಿ ನಾನು ಹಲಸೂರು ಕೆರೆಯ ಕಡೆ ನಡೆದುಬಿಡುತ್ತಿದ್ದೆ. ಕಲ್ಲುಬೆಂಚಿನ ಮೇಲೆ ಕೂತು ವಾರಪತ್ರಿಕೆ ಓದುತ್ತಿದ್ದೆ, ಹೋಟೆಲಿನಲ್ಲಿ ಒಬ್ಬಳೇ ದೋಸೆ ತಿನ್ನುತ್ತಿದ್ದೆ. ಆಫೀಸಿನಲ್ಲಿ ಫೈಲು, ಮನೆಯಲ್ಲಿ ನೀವು, ನಡುವೆ ಬಸ್ಸು. ವರ್ಷದಲ್ಲಿ ಆ ಎರಡು ದಿನ ಮಾತ್ರ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ನಿಜ ಹೇಳಲೇ? ಆ ಬೆಂಚಿನ ಬಗ್ಗೆ ನನಗೆ ನಾಚಿಕೆಯಿಲ್ಲ. ಅದು ನನಗೆ ಬೇಕಾಗಿತ್ತು. ಬೇಕು ಅಂತ ನಿಮ್ಮನ್ನು ಕೇಳುವ ಧೈರ್ಯವಿರಲಿಲ್ಲ, ಅಷ್ಟೆ.

ನಾಚಿಕೆ ಬೇರೆಯದಕ್ಕೆ. ಸಂಜೆ ನೀವು ಬರುವ ಮೊದಲು ನಾನು ಬೆರಳುಗಳಿಗೆ ಲವಂಗ, ಶುಂಠಿ ಪುಡಿ ತಿಕ್ಕಿಕೊಳ್ಳುತ್ತಿದ್ದೆ. ತೋರುಬೆರಳಿಗೆ ಹಳೇ ಪಂಚೆಯ ಚೂರು ಸುತ್ತಿಕೊಂಡು, ದಬ್ಬಣ ಚುಚ್ಚಿತು ಅನ್ನುತ್ತಿದ್ದೆ. ಒಂದು ವರ್ಷ ನೀನು ಆ ಬೆರಳನ್ನು ಹಿಡಿದು ಊದಿ, ಪರೀಕ್ಷೆಯ ನಡುವೆಯೂ ಪಾತ್ರೆಯೆಲ್ಲ ತೊಳೆದುಕೊಟ್ಟೆ. ಒಳಗೆ ಏನೂ ಆಗಿರದ ಬೆರಳು ಅದು! ಅವತ್ತು ಊಟ ಸೇರಲಿಲ್ಲ ನನಗೆ. ಆದರೂ ಮುಂದಿನ ವರ್ಷ ಮತ್ತೆ ಬಟ್ಟೆ ಸುತ್ತಿದೆ.

ಇನ್ನು ಹೋದ ವರ್ಷದ ಮಾತು. ಇದನ್ನು ಬರೆಯುವುದಕ್ಕೇ ಇಷ್ಟೆಲ್ಲ ಪೀಠಿಕೆ.

ಕಾಲೋನಿಯ ಮಹಿಳಾ ಮಂಡಳಿಯವರು ಕಾರ್ತಿಕದಲ್ಲಿ ಮನೆ ತಿಂಡಿಗಳ ಮಾರಾಟ ಇಟ್ಟಿದ್ದರು. ಅಮೃತಮ್ಮನೂ ಒಂದು ಮೂಲೆಯಲ್ಲಿ ಮೇಜು ಹಿಡಿದು ನೆಲ್ಲಿಕಾಯಿಯ ಸಣ್ಣ ಬಾಟಲಿಗಳನ್ನು ಸಾಲಾಗಿಟ್ಟುಕೊಂಡಿದ್ದಳು. ಜಾಗ ಕೊಡಿಸಿದ್ದು ನಾನೇ. ನೀನು ಗೆಳತಿಯರ ಜೊತೆ ಬಂದೆ, ರುಚಿ ನೋಡಿದೆ, ನಿನ್ನ ಮುಖ ಕೆಂಪಾಯಿತು. "ಇದು ನಮ್ಮಜ್ಜೀದು! ಈ ಓಮ ನಮ್ಮನೇಲಿ ಬಿಟ್ರೆ ಎಲ್ಲೂ ಇಲ್ಲ. ಹಬ್ಬಕ್ಕೆ ಪಾತ್ರೆ ತೊಳೆಯೋಕೆ ಬಂದು ಕದ್ದು ನೋಡ್ಕೊಂಡ್ಯಾ?" ಅಂತ ಕೂಗಾಡಿದೆ. ಸುತ್ತಲಿನವರೆಲ್ಲ ತಿರುಗಿದರು. ಅಮೃತಮ್ಮ ನನ್ನನ್ನು ನೋಡಿದಳು. ಬರೀ ನೋಡಿದಳು, ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ನಾನು ಹೇಳಲಿ ಅಂತ ಕಾದಳು.

ನಾನು ಹೇಳಿದ್ದೇನು, ನಿನಗೆ ನೆನಪಿದೆ. "ಹೋಗ್ಲಿ ಬಿಡು ಆಶ್ರಿತಾ. ಪಾಪ, ನೋಡ್ಕೊಂಡು ಏನೋ ಮಾಡ್ಕೊಂಡಿದಾಳೆ. ಅವಳ ಹೊಟ್ಟೆಪಾಡು" ಅಂದೆ. ಎಂಥ ದೊಡ್ಡ ಮನಸ್ಸು ನಿಮ್ಮದು ಅಂತ ಮಂಡಳಿಯ ಹೆಂಗಸರು ನನ್ನ ಕೈ ಹಿಡಿದರು. ಅಮೃತಮ್ಮ ನಿನ್ನ ಕಡೆ ತಿರುಗಿ, "ಹೌದವ್ವ, ಅಕ್ಕೋರ ಕೈಯಾಗ ನೋಡೇ ಕಲ್ತೀನಿ" ಅಂದಳು. ನನ್ನ ಮಾನ ಉಳಿಸುವುದಕ್ಕೆ ತಾನೇ ಕಳ್ಳಿಯಾದಳು. ಒಂದೊಂದೇ ಬಾಟಲಿ ಚೀಲಕ್ಕೆ ಹಾಕಿಕೊಂಡು, ಮೇಜನ್ನು ಸೆರಗಿನಿಂದ ಒರೆಸಿ ಹೊರಟುಹೋದಳು. ಆಮೇಲೆ ನಾನು ಅವಳ ಕಡೆ ಸುಳಿಯಲಿಲ್ಲ. ನಿನ್ನ ಮದುವೆಗೂ ಕರೆಯಲಿಲ್ಲ.

ನಿನ್ನೆ ಹೋದೆ. ಅದೂ ಹೋದದ್ದು ಯಾಕೆ ಗೊತ್ತೇ? ಚೀಲದಲ್ಲಿ ಕಾಯಿ ತುಂಬಿಕೊಂಡು ಹೋದೆ. ನಿಮ್ಮತ್ತೆ ಬರುವುದರೊಳಗೆ ಗುಟ್ಟಾಗಿ ಒಂದು ಭರಣಿ ಮಾಡಿಸಿಟ್ಟುಬಿಟ್ಟರೆ, ಹಾಕಿಯಾಯಿತು ಅಂದುಬಿಡಬಹುದು ಅಂತ. ನಿನ್ನ ತಾಯಿ ಅಷ್ಟು ಕೆಳಗಿಳಿದಿದ್ದಳು.

ಅವಳು ಬಾಗಿಲಲ್ಲಿ ಬೇಳೆ ಆರಿಸುತ್ತಿದ್ದಳು. ಒಳಗೆ ಕೂರಿಸಿ ಚಹಾ ಕೊಟ್ಟಳು. ನಿನ್ನ ಮದುವೆಯ ಬಗ್ಗೆ ಕೇಳಿದಳು. ಆಮೇಲೆ ಚೀಲದ ಕಡೆ ನೋಡಿ, "ನಾ ಮಾಡಿ ಕೊಡಂಗಿಲ್ರೀ ಅಕ್ಕೋರೆ. ನಿಮ್ಮ ಕೈಲೇ ಮಾಡ್ರಿ, ನಾ ಕುಂತು ಹೇಳ್ತೀನಿ" ಅಂದಳು. ನಾನು ಅವಳ ಕ್ಷಮೆ ಕೇಳಿದೆ. ಇರಲಿ ಬಿಡಿ ಅಂದಳು.

ಆ ಸಣ್ಣ ಕೋಣೆಯಲ್ಲಿ ಎಲ್ಲರೂ ಕೂತೆವು. ಗಾರ್ಮೆಂಟ್ಸ್‌ಗೆ ಹೋಗುವ ಅವಳ ಮಗಳು ರೇವತಿ ಅರ್ಧ ದಿನದ ಪಾಳಿ ಮುಗಿಸಿ ಬಂದು ಬೆಲ್ಲ ಕುಟ್ಟಿದಳು. ಸಾಯಬಣ್ಣ ಕಾಯಿಯನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿ ನನ್ನ ಮುಂದೆ ಇಡುತ್ತಿದ್ದ. ನಾನು ಚುಚ್ಚಿದೆ. ಹಿಡಿಯುವುದೇ ಬರದೆ, ದಬ್ಬಣ ಕಾಯಿಯಿಂದ ಜಾರಿ ನೇರ ಬೆರಳಿಗೆ ನೆಟ್ಟಿತು. ರಕ್ತ ಬಂತು. ರೇವತಿ ಬಟ್ಟೆ ಹರಿಯುವುದಕ್ಕೆ ಎದ್ದಳು. ಬೇಡ ಅಂದೆ. ಅವರು ಮೂವರೂ ಮಾತಾಡುತ್ತ, ಒಬ್ಬರ ಕೆಲಸವನ್ನು ಒಬ್ಬರು ಹಂಗಿಸುತ್ತ ಕೂತಿದ್ದನ್ನು ನೋಡಿ ನನಗೆ ನಮ್ಮ ಹಿತ್ತಲ ಭಾನುವಾರಗಳು ನೆನಪಾದವು. ಐದು ವರ್ಷದಿಂದ ನಾನು ನಿಮ್ಮನ್ನೆಲ್ಲ ಮನೆಯಿಂದ ಹೊರಗೆ ಕಳಿಸಿ, ಆ ಭಾನುವಾರವನ್ನೇ ಇಲ್ಲವಾಗಿಸಿದ್ದೆ. ಅವಳ ಹೆಸರು ಕದ್ದದ್ದು ಒಂದು, ನಿನ್ನಿಂದ ಕಿತ್ತುಕೊಂಡದ್ದು ಇನ್ನೊಂದು.

ಶನಿವಾರ ನೀವು ತಪ್ಪದೆ ಬನ್ನಿ. ಅಮೃತಮ್ಮನನ್ನು ಕರೆದಿದ್ದೇನೆ. ನಡುಮನೆಯಲ್ಲಿ ಅವಳಿಗೆ ಮಣೆ ಹಾಕುತ್ತೇನೆ, ಅವಳು ಹೇಳಿಕೊಡುತ್ತಾಳೆ, ನಾನೂ ನಿಮ್ಮ ಜೊತೆ ಕೂತು ಕಲಿಯುತ್ತೇನೆ. ನಿಮ್ಮಪ್ಪನಿಗೆ ಈ ಕಾಗದ ಅಂಚೆಗೆ ಬಿದ್ದ ಮೇಲೆ ಹೇಳುತ್ತೇನೆ. ತಮ್ಮ ತಾಯಿಯ ಓಮದ ನೆನಪು ಹೋಯಿತಲ್ಲ ಅಂತ ಅವರಿಗೆ ಸಂಕಟವಾದೀತು. ಅನುಭವಿಸಲಿ, ನಾನೂ ಜೊತೆಗಿರುತ್ತೇನೆ. ಯಾರು ಇವರು ಅಂತ ನಿಮ್ಮತ್ತೆ ಕೇಳಿದರೆ ನಾನೇ ಹೇಳಬೇಕು. ನನ್ನ ನಾಲಿಗೆ ಮತ್ತೆ ತೊದಲಿದರೆ ನೀನು ಹೇಳು. ನೀನು ಅವಳಿಗೆ ಕಳ್ಳಿ ಅಂದದ್ದು ನಿನ್ನ ತಪ್ಪಲ್ಲ, ಆ ಮಾತು ನನಗೆ ಸೇರಬೇಕಾದದ್ದು. ಆದರೂ ಬಂದಾಗ ಅವಳನ್ನು ಮಾತಾಡಿಸು ಮಗಳೇ.

ಅಳಿಯಂದಿರಿಗೆ ಆಶೀರ್ವಾದ ತಿಳಿಸು. ನಿಮ್ಮತ್ತೆಯವರಿಗೆ ನನ್ನ ನಮಸ್ಕಾರ. ಕಾಗದವನ್ನು ಅವರಿಗೆ ತೋರಿಸುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಇಂತಿ ನಿನ್ನ,
ತಲೆ ತಗ್ಗಿಸಿ ಬರೆಯುತ್ತಿರುವ ಅಮ್ಮ
ಸುಬ್ಬಲಕ್ಷ್ಮಿ

ವಿ.ಸೂ.: ಸೋಮವಾರ ಸಂಜೆ. ಕಾಗದ ಇನ್ನೂ ಅಂಚೆಗೆ ಹಾಕಿಲ್ಲ. ಅದರ ತುಂಬ ಅಮೃತಮ್ಮನ ಹೆಸರಿದೆ, ಅವಳಿಗೆ ತಿಳಿಯದೆ ಕಳಿಸುವುದು ಇನ್ನೊಂದು ಕಳ್ಳತನವಾಗುತ್ತದೆ ಅನ್ನಿಸಿ ಆಫೀಸು ಬಿಟ್ಟೊಡನೆ ಮರ್ಫಿ ಟೌನಿಗೆ ಹೋದೆ. ಅವಳಿಗೆ ಓದು ಬರುವುದಿಲ್ಲ, ರೇವತಿ ಗಟ್ಟಿಯಾಗಿ ಓದಿದಳು. ಬೂಷ್ಟಿನ ಮಾತಿಗೆ ಅಮೃತಮ್ಮ ನಕ್ಕಳು, ಮಾರಾಟದ ಮಾತಿಗೆ ಕೈಯಲ್ಲಿದ್ದ ಕೆಲಸ ನಿಲ್ಲಿಸಿದಳು. "ನಾನು ಅವಳ ಕ್ಷಮೆ ಕೇಳಿದೆ" ಅಂತ ರೇವತಿ ಓದಿದಾಗ ಮಾತ್ರ ಮೆಲ್ಲಗೆ, "ಇದು ಯಾವಾಗ ಕೇಳಿದ್ರಿ ಅಕ್ಕೋರೆ?" ಅಂದಳು.

ಕೇಳಿರಲಿಲ್ಲ ಆಶ್ರಿತಾ. ಮೊನ್ನೆ ಶನಿವಾರ ಅಷ್ಟು ಹೊತ್ತು ಕೂತಿದ್ದರೂ ಬಾಯಿ ಬಂದಿರಲಿಲ್ಲ. ನಿಜ ಹೇಳುವ ಕಾಗದದಲ್ಲೂ ಒಂದು ಸುಳ್ಳು ಸೇರಿಸಿದ್ದೆ. ಅಲ್ಲೇ, ರೇವತಿಯ ಎದುರಿಗೇ ಕೇಳಿದೆ. ಆ ಸಾಲು ಈಗ ನಿಜವಾಗಿದೆ, ಅದನ್ನು ಹೊಡೆದುಹಾಕಿಲ್ಲ. "ಇರಲಿ ಬಿಡಿ" ಅನ್ನುವುದನ್ನು ಮಾತ್ರ ನೀನು ಹೊಡೆದುಹಾಕಿಕೊಂಡು ಓದು, ಅವಳು ಹಾಗೆ ಅನ್ನಲಿಲ್ಲ. ನೀವು ಶುಕ್ರವಾರವೇ ಮೈಸೂರಿನಲ್ಲಿ ಕಾಯಿ ತೊಳೆದು, ಬಟ್ಟೆಯ ಮೇಲೆ ಹರಡಿ, ಒಂದು ಹನಿ ನೀರಿಲ್ಲದ ಹಾಗೆ ಒಣಗಿಸಿಟ್ಟಿರಬೇಕು ಅಂದಳು. ಶನಿವಾರ ಹತ್ತು ಗಂಟೆಗೆ ಬರುತ್ತಾಳಂತೆ.