ಅಳತೆಗೆ ಬಂದ ಬ್ಲೌಸ್

ಮಾರ್ಚ್ 9, 2025, ಭಾನುವಾರ. ಬೆಳಿಗ್ಗೆ

ರಮಜಾನಿನ ಎಂಟನೇ ರೋಜಾ, ಹನಿ ನೀರೂ ಇಲ್ಲ. ನನ್ನ ಗಂಟಲು ಒಣಗಿದೆ, ಮಷಿನ್ ಮಾತ್ರ ಎಣ್ಣೆ ಕುಡಿದು ಆರಾಮ. ಸೊಲ್ಲಾಪುರ ರಸ್ತೆಯ ಧೂಳೆಲ್ಲ ನನ್ನ ಅಂಗಡಿಗೇ ಬರುತ್ತದೆ. ಎರಡು ಸಲ ಒರೆಸಿದೆ, ಸಾಕು. ಹಬ್ಬದ ಆರ್ಡರ್ ತಲೆಯ ಮಟ್ಟ ಬೆಳೆದಿದೆ. ಕಾಜಾ ಹಾಕುವ ಲಲಿತಾ ಬಬಲೇಶ್ವರದಿಂದ ಇನ್ನೂ ಬಂದಿಲ್ಲ. ಬಸ್ಸು ತಡವಂತೆ. ದಿನಾ ಬಸ್ಸೇ ತಡ, ಅವಳು ಯಾವತ್ತೂ ತಡ ಇಲ್ಲ.

ಮುಮತಾಜ ಗಂಟು ಇಟ್ಟು ಹೋದಳು. ಮಸೀದಿ ಕಮಿಟಿಯಲ್ಲಿ ಹೆಂಗಸರ ಕೆಲಸವೆಲ್ಲ ಅವಳದೇ. ಪ್ರತಿ ರಮಜಾನಿಗೂ ಕಮಿಟಿ ಬಡ ಹೆಂಗಸರಿಗೆ ಸೀರೆ ಕೊಡುತ್ತದೆ, ಬ್ಲೌಸ್ ನಾನು ಹೊಲಿಯುತ್ತೇನೆ. ಕೂಲಿ ಇಲ್ಲ — ಅದು ನನ್ನ ಸದಕಾ, ನನ್ನ ದಾನ. ಹೆಸರು ಕೇಳುವ ಹಾಗಿಲ್ಲ. ಅಳತೆಗೆ ಅವರ ಹಳೆಯ ಬ್ಲೌಸ್ ಬರುತ್ತದೆ, ಅಂಚಿಗೆ ಒಂದು ಬಣ್ಣದ ದಾರ. ಅದೇ ಬಣ್ಣದ ದಾರ ಹೊಸದಕ್ಕೂ ಕಟ್ಟಿ ಕಳಿಸುವುದು. ಯಾರು ಕೊಟ್ಟರು, ಯಾರು ತೊಟ್ಟರು, ಎರಡೂ ಕಡೆ ತಿಳಿಯಬಾರದು. ಗುಟ್ಟಾಗಿ ಕೊಟ್ಟದ್ದು ಅಲ್ಲಾಹನ ಸಿಟ್ಟನ್ನೂ ತಣಿಸುತ್ತದೆ ಎಂದು ಅಬ್ಬಾ ಹೇಳುತ್ತಿದ್ದರು.

ಈ ಸಲದ್ದು ತಿಕೋಟಾದ ಗಂಟು.

ಮಾರ್ಚ್ 10, ಸೋಮವಾರ. ಮಧ್ಯಾಹ್ನ

ಹಸಿರು ದಾರದ ಬ್ಲೌಸ್ ಮೇಜಿನ ಮೇಲೆ ಹಾಸಿದೆ. ಎಡ ಭುಜ ಎರಡು ಬೆರಳು ಇಳಿದಿದೆ. ತೊಟ್ಟೂ ತೊಟ್ಟೂ ಬಟ್ಟೆಯೂ ಹಾಗೇ ಜಗ್ಗಿದೆ.

ಅಬೇದಾ.

ನನ್ನ ತಂಗಿ. ಸಣ್ಣವಳಿದ್ದಾಗ ಬೇವಿನ ಮರದಿಂದ ಬಿದ್ದಳು, ಮುರಿದ ಭುಜ ಸರಿಯಾಗಿ ಕೂಡಲೇ ಇಲ್ಲ. ಮದುವೆಯಾಗಿ ತಿಕೋಟಾಕ್ಕೆ ಹೋದ ಮೇಲೂ ನಾನೇ ಹೊಲಿದುಕೊಡುತ್ತಿದ್ದೆ — ಆ ಭುಜದೊಳಗೆ ಲೈನಿಂಗ್ ಮಡಚಿ ಸಣ್ಣ ಗಾದಿ ಇಟ್ಟು. ಹೊರಗಿನಿಂದ ಎರಡೂ ಸಮ ಕಾಣುತ್ತಿದ್ದವು. ಆಮೇಲೆ ಅವಳ ಮಗಳು ಹೀನಾಳನ್ನು ನನ್ನ ಮಗ ಶಕೀಲನಿಗೆ ಕೇಳಿದೆ. ಕೊಡಲಿಲ್ಲ. ಸೊಲ್ಲಾಪುರಕ್ಕೆ ಕೊಟ್ಟಳು, ಮದುವೆಗೆ ಸ್ವಂತ ಅಕ್ಕನನ್ನು ಕರೆಯಲೂ ಇಲ್ಲ. ಅಂದಿನಿಂದ ಮಾತಿಲ್ಲ.

ಅವಳ ಗಂಡ ದಾವಲಸಾಬನಿಗೆ ಲಕ್ವಾ ಹೊಡೆದದ್ದು ಕೇಳಿದ್ದೆ. ಅವನನ್ನು ನೋಡಿಕೊಳ್ಳಲು ಇವಳು ದ್ರಾಕ್ಷಿ ಶೆಡ್ಡಿನ ಕೆಲಸ ಬಿಟ್ಟದ್ದೂ ಕೇಳಿದ್ದೆ. ಕೈಯೊಡ್ಡುವ ಮಟ್ಟಕ್ಕೆ ಬಂದಿದ್ದಾಳೆಂದು ತಿಳಿದಿರಲಿಲ್ಲ.

ಮೊದಲು ಆದದ್ದು ಸಮಾಧಾನ. ಹೌದು, ಸಮಾಧಾನವೇ... ಅನುಭವಿಸಲಿ ಅಂತ. ಆಮೇಲೆ ಬಗಲಿನ ಹೊಲಿಗೆ ನೋಡಿದೆ. ಕೈಸೂಜಿಯಲ್ಲಿ ಒಳಗೆ ಹಿಡಿದಿದ್ದಾಳೆ. ಅದರೊಳಗೆ ಮತ್ತೊಮ್ಮೆ ಹಿಡಿದಿದ್ದಾಳೆ. ಎಷ್ಟು ಸೊರಗಿದ್ದಾಳೆ ಹುಚ್ಚಿ. ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಕತ್ತರಿ ಕೆಳಗಿಟ್ಟೆ.

ಮಾರ್ಚ್ 14, ಶುಕ್ರವಾರ

ಹೋಳಿ, ಊರೆಲ್ಲ ಬಣ್ಣ. ಲಲಿತಾ ರಜೆ. ಶಕೀಲ ಜುಮ್ಮಾ ನಮಾಜು ಮುಗಿಸಿ ಬಂದು ಮಸೀದಿಯ ಬಯಾನಿನಲ್ಲಿ ಕೇಳಿದ್ದನ್ನು ಹೇಳಿದ. ಬಡವರಿಗೆ ಕೊಟ್ಟರೆ ಒಂದು ಸವಾಬಿನ ಪುಣ್ಯ, ಬಡ ನೆಂಟರಿಗೆ ಕೊಟ್ಟರೆ ಎರಡು — ದಾನದ್ದೊಂದು, ನಂಟು ಉಳಿಸಿದ್ದೊಂದು. ಅದರಲ್ಲೂ ಮನಸ್ಸಿನಲ್ಲಿ ಹಗೆ ಇಟ್ಟುಕೊಂಡ ನೆಂಟರಿಗೆ ಕೊಟ್ಟದ್ದು ಎಲ್ಲಕ್ಕೂ ಮೇಲಂತೆ. ನನಗೇ ಹೇಳಿದ ಹಾಗಿತ್ತು. ಅವನಿಗೇನೂ ಗೊತ್ತಿಲ್ಲ. ನಾನು ಗುಂಡಿ ಹಚ್ಚುತ್ತಾ ಹೋದೆ.

ಹಸಿರು ದಾರದ್ದು ಮುಗಿಯಿತು. ಎಲ್ಲಕ್ಕಿಂತ ಚೆಂದ ಬಂದಿದೆ. ಅಬೇದಾಗೆ ಗೊತ್ತಾಗುವುದಿಲ್ಲ, ಆಗದಿರುವುದೇ ಒಳ್ಳೆಯದು. ಯಾರೂ ತಲೆ ಬಾಗಿಸಬೇಕಿಲ್ಲ... ಅವಳೂ, ನಾನೂ.

ಮಾರ್ಚ್ 23, ಭಾನುವಾರ. ಸಂಜೆ

ಹಸಿರು ದಾರದ್ದು ವಾಪಸು ಬಂತು.

ಆ ಹೆಂಗಸು ಮುಮತಾಜಳ ಎದುರಿಗೇ ತೊಟ್ಟು ನೋಡಿದಳಂತೆ. ಭುಜದ ಮೇಲೆ ಕೈಯಾಡಿಸಿದಳಂತೆ, ಒಳಗೆ ಬೆರಳು ಹಾಕಿದಳಂತೆ. ತೆಗೆದು, ಮಡಚಿ, ಸೀರೆಯ ಸಮೇತ ಕೈಗಿಟ್ಟು, "ಬ್ಯಾಡ್ರಿ ನನಗ. ಇಲ್ಲದವರಿಗಿ ಕೊಡ್ರಿ" ಅಂದಳಂತೆ. ಕಮಿಟಿ ತಿಂಗಳಿಗೊಮ್ಮೆ ಕೊಡುವ ರೇಶನ್ ಕಿಟ್ಟೂ ಇನ್ನು ಬೇಡವಂತೆ. ಮುಮತಾಜಳಿಗೆ ತಲೆಬುಡ ತಿಳಿಯಲಿಲ್ಲ. ಅಳತೆ ತಪ್ಪಿತೇನೋ ಎಂದು ನನ್ನನ್ನೇ ಕೇಳಿದಳು.

ಅಳತೆ ತಪ್ಪಿಲ್ಲ. ಗಾದಿ ಇಟ್ಟುಬಿಟ್ಟಿದ್ದೇನೆ. ಯೋಚಿಸಲೇ ಇಲ್ಲ, ಕೈಗೆ ರೂಢಿ... ಯಾವ ಟೇಲರ್ ಹೇಳದೇ ಕೇಳದೇ ಗಾದಿ ಇಡುತ್ತಾನೆ? ಹೆಸರು ಬರೆದು ಕಳಿಸಿದ ಹಾಗಾಯಿತು.

ಗಂಡ ಹಾಸಿಗೆ ಹಿಡಿದಿದ್ದಾನೆ. ನನ್ನ ದೆಸೆಯಿಂದ ಕಿಟ್ಟನ್ನೂ ಬಿಟ್ಟಳು. ಏನು ತಿನ್ನುತ್ತಾರೆ ಇಬ್ಬರೂ?

ಮಾರ್ಚ್ 24

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಸ್ವಿಚ್ ಆಫ್.

ಮಾರ್ಚ್ 26, ಬುಧವಾರ. ಮಧ್ಯಾಹ್ನ

ಅಕ್ಕಿ, ಎಣ್ಣೆ, ಖರ್ಜೂರ. ಬ್ಯಾಗ್ ತುಂಬಿದೆ. ತೆಗೆದೆ. ಮತ್ತೆ ತುಂಬಿದೆ. ಏನು ಒಯ್ದರೂ ಅವಳ ಕಣ್ಣಿಗೆ ದಾನವೇ. ಈಗ ಬಾಗಿಲು ಹಾಕಿಕೊಂಡರೆ ನಾನು ಸತ್ತಾಗಲೂ ಬರಲಾರಳು, ಅವಳ ಹಟ ನನಗೆ ಗೊತ್ತು.

ರೋಜಾ ಇದ್ದವರಿಗೆ ಒಂದು ಗುಟುಕು ನೀರು ಕೊಟ್ಟು ರೋಜಾ ಬಿಡಿಸಿದವರಿಗೂ ಆ ರೋಜಾದಷ್ಟೇ ಸವಾಬು. ಇದು ಅವಳಿಗೂ ಗೊತ್ತು. ಬರಿಗೈಯಲ್ಲೇ ಹೋಗುತ್ತೇನೆ. ಅವಳು ಕೊಡಲಿ, ನಾನು ಕೈಯೊಡ್ಡುತ್ತೇನೆ.

ಖರ್ಜೂರವನ್ನಾದರೂ ಒಯ್ಯಿ ಅಂದ ಶಕೀಲ. ಬೈಸಿಕೊಂಡ.

ಮಾರ್ಚ್ 27, ಗುರುವಾರ. ಬೆಳಿಗ್ಗೆ

ನಿನ್ನೆ ಸಂಜೆ ತಿಕೋಟಾದಲ್ಲಿ ಬಾಗಿಲು ತೆರೆದವಳು ಮೊದಲು ನೋಡಿದ್ದು ನನ್ನ ಕೈಗಳನ್ನು.

"ರೋಜಾ ಐತಿ," ಅಂದೆ. "ಬಿಡಾಕ ನಿನ್ನ ಮನಿಗಿ ಬಂದೇನಿ. ಏನರ ಕೊಡು."

ಅಲ್ಲಾಡಲಿಲ್ಲ. ಅಜಾನ್ ಶುರುವಾಯಿತು. ನಾನು ಹೊಸ್ತಿಲ ಹೊರಗೇ. ಅಜಾನ್ ಅರ್ಧಕ್ಕೆ ಬಂದಾಗ ತಿರುಗಿ ಒಳಗೆ ಹೋದಳು. ಮುಗಿಯಿತು ಅಂದುಕೊಂಡೆ. ತಂಬಿಗೆ ನೀರು ತಂದಳು, ಇನ್ನೊಂದು ಕೈಯಲ್ಲಿ ಹಿಡಿ ಒಣದ್ರಾಕ್ಷಿ. ಶೆಡ್ಡಿನವರು ಆರಿಸಿ ಬಿಟ್ಟ ಕರಿ ಕಾಳು. ಎರಡೂ ಕೈಯೊಡ್ಡಿದೆ. ಅಷ್ಟು ಸಿಹಿ ದ್ರಾಕ್ಷಿ ತಿಂದೇ ಇರಲಿಲ್ಲ ಎಂದು ಬರೆದರೆ ಸುಳ್ಳು. ಹುಳಿ ಇದ್ದವು. ಎಲ್ಲ ತಿಂದೆ.

ಒಳಗೆ ದಾವಲಸಾಬ ಯಾರೆಂದು ಕೇಳಿದ. ಮಾತು ತೊದಲುತ್ತದೆ. ಅಕ್ಕ ಎಂದಳು ಅಬೇದಾ. ಅಷ್ಟಕ್ಕೇ ನನಗೆ ಅಳು ಬಂತು. ಅವಳು ಅಳಲಿಲ್ಲ.

"ನಂದ ಅಂತ ಗೊತ್ತಿದ್ದ ಹೊಲದೀಯೇನು?"

ಹೂಂ ಅಂದೆ. ನೀನ್ಯಾರು ನನಗೆ ದಾನ ಕೊಡಲು ಎಂದು ಬೈಯುತ್ತಾಳೆ, ಬೈಯಲಿ ಎಂದು ಕೂತೆ.

"ಬ್ಲೌಸ್ ಕೈಯಾಗ ಹಿಡದಾಗ ನಾ ಎಷ್ಟ ಸೊರಗೇನಿ ಅಂತ ಗೊತ್ತಾತಲ್ಲ ಆಪಾ. ಅವತ್ತ ಯಾಕ ಬರಲಿಲ್ಲ ನೀ?"

ರಾತ್ರಿ ಬಸ್ಸಿಗೆ ಹಾಗೇ ವಾಪಸು ಬಂದೆ. ಬಟ್ಟೆ ಕಳಿಸಿದೆ, ಗುಟ್ಟು ಕಾದೆ, ಸವಾಬು ಒಂದೋ ಎರಡೋ ಎಂದು ಯೋಚಿಸಿದೆ. ತಿಕೋಟಾ ಎಷ್ಟು ದೂರ? ಬಸ್ಸು ಹತ್ತಿದರೆ ಮುಗಿಯಿತು.

ಅಂಗಡಿಗೆ ಬೀಗ ಹಾಕಿದ್ದೇನೆ, ಹಬ್ಬದ ಆರ್ಡರ್ ಹಾಳಾಗಿ ಹೋಗಲಿ. ಬೆಳಗಿನ ಬಸ್ಸಿಗೆ ಮತ್ತೆ ಹೊರಟಿದ್ದೇನೆ. ಎದುರಿಗೆ ಕೂತು ಹೇಳಿಬಿಡುತ್ತೇನೆ. ಅವತ್ತು ನಾನು ಬರಲಿಲ್ಲ, ಯಾಕೆಂದರೆ ನಿನ್ನ ಬ್ಲೌಸ್ ನೋಡಿ ಮೊದಲು ನನಗೆ ಆದದ್ದು ಸಮಾಧಾನ.