ಶಟರ್ ಮೇಲಿನ ನವಿಲು ಮತ್ತು ನಮ್ಮ ಬೋಣಿ

ವಾರ್ಡ್ ಕಚೇರಿಯ ಸೌಂದರ್ಯೀಕರಣ ಅಧಿಕಾರಿಗಳೇ,

ನಮ್ಮ ಶಟರ್‌ಗಳ ಮೇಲೆ ನೀವು ಬರೆಸಿದ ಚಿತ್ರಗಳು ಕಾಣಲೆಂದು ನಮ್ಮ ಅಂಗಡಿಗಳನ್ನೇ ಮುಚ್ಚಿಸಿದ್ದೀರಿ. ನನ್ನ ದೂರು ಇಷ್ಟೇ. ಮರಾಠಿಯಲ್ಲಿ ಅರ್ಜಿ ಕೊಟ್ಟೆ, ಹಿಂದಿಯಲ್ಲಿ ಕೊಟ್ಟೆ, ಉತ್ತರವಿಲ್ಲ. ಹೇಗೂ ಉತ್ತರ ಬರುವುದಿಲ್ಲವೆಂದ ಮೇಲೆ, ನನಗೆ ಸಲೀಸಾದ ಕನ್ನಡದಲ್ಲೇ ಬರೆಯಬಹುದಲ್ಲ? ಎಂಟನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಭಾಂಡುಪ್‌ನ ನಮ್ಮ ಬೀದಿ ನಿಮ್ಮಿಂದಲೇ ಹಾಳಾಯಿತು ಎಂದರೆ ಸುಳ್ಳಾಗುತ್ತದೆ. ಹತ್ತಿರದ ಕಾರ್ಖಾನೆ ಮುಚ್ಚಿದಾಗಲೇ ಅದು ಸೊರಗಿತ್ತು. ಕೊನೆಗೆ ಅಂಗಡಿಯವರೇ ಸೇರಿ ಒಂದು ಪದ್ಧತಿ ಮಾಡಿಕೊಂಡೆವು. ಬೆಳಿಗ್ಗೆ ಪ್ರತಿಯೊಬ್ಬರೂ ಪಕ್ಕದ ಅಂಗಡಿಯಲ್ಲಿ ಏನಾದರೂ ಕೊಂಡು ಬೋಣಿ ಮಾಡಿಸಬೇಕು. ದಿನದ ಮೊದಲ ವ್ಯಾಪಾರವಾಗದೆ ಯಾರೂ ಸಪ್ಪಗೆ ಕೂರಬಾರದು. ಇದರಿಂದ ಯಾರ ಮನೆಯೂ ತುಂಬಲಿಲ್ಲ. ಆದರೆ ಎಲ್ಲರೂ ಬೇಗ ಬಾಗಿಲು ತೆರೆದರು, ಅಂಗಡಿ ಮುಂದಿನ ಕಸ ಗುಡಿಸಿದರು. ಸ್ಟೇಷನ್‌ಗೆ ಹೋಗುವ ಜನ ಮತ್ತೆ ನಮ್ಮ ಬೀದಿ ಹಿಡಿದರು.

ನಾನು ಮಿಕ್ಸರ್ ರಿಪೇರಿ ಮಾಡುತ್ತೇನೆ, ಚಾಕು ಸಾಣೆ ಹಿಡಿಯುತ್ತೇನೆ. ಪಕ್ಕದಲ್ಲಿ ವಿಜಯಪುರ ಕಡೆಯ ಸುಂದ್ರವ್ವನ ರೊಟ್ಟಿ ಅಂಗಡಿ; ಬೀದಿಗೆಲ್ಲ ಅವರು ಮೌಶಿ, ಅಂದರೆ ಚಿಕ್ಕಮ್ಮ. ನಾನು ಅವರಲ್ಲಿ ರೊಟ್ಟಿ ಕೊಳ್ಳುತ್ತಿದ್ದೆ. ಅವರು ದಿನಾ ಅದೇ ಚಾಕು ಹಿಡಿದು ಬರುತ್ತಿದ್ದರು.

“ಮೌಶಿ, ನಿನ್ನೆನ ಸಾಣಿ ಹಿಡದೀನಲ್ಲ.”

“ಹಿಡಿಯೊ ತಮ್ಮಾ. ದಿನಾ ಮಿಕ್ಸರ್ ಸುಟ್ಕೊಂಡ ಬಾ ಅಂತೀಯೇನ?”

ಚಾಕು ಸವೆದು ಕಡ್ಡಿಯಂತಾಯಿತು. “ಇನ್ನ ಇದರಿಂದ ಹಲ್ಲ ಚುಚ್ಕೋಬೌದು ನೋಡ” ಎಂದು ನಗುತ್ತಿದ್ದರು.

ಆಗ ನಿಮ್ಮ ಯೋಜನೆ ಬಂತು. ಚಿತ್ರಗಳು ಚೆನ್ನಾಗಿವೆ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಶಟರ್‌ಗೆ ನವಿಲು, ಮೌಶಿಯದಕ್ಕೆ ಹಂಸ. ‘ಸುಂದರ ಬೀದಿ’ ಸ್ಪರ್ಧೆಯ ತೀರ್ಪುಗಾರರು ಬರುವವರೆಗೆ ಯಾರೂ ಶಟರ್ ಎತ್ತಕೂಡದು, ಎತ್ತಿದರೆ ದಂಡ ಎಂದರು ನಿಮ್ಮ ಸಿಬ್ಬಂದಿ. ಎತ್ತಿದರೆ ಹಂಸ ಎಲ್ಲಿ ಕಾಣುತ್ತದೆ ಎಂದು ಹಿಂದಿಯಲ್ಲಿ ಕೇಳಿದರು. ಮೌಶಿ ನನ್ನ ಕಡೆ ತಿರುಗಿ, “ಹಂಸ ರೊಟ್ಟಿ ಬಡೀತೈತೇನ ಕೇಳೊ ಅವನ್ನ” ಎಂದರು. ನಾನು ಕೇಳಿದೆ. ಅವರಿಗೆ ನಗು ಬರಲಿಲ್ಲ.

ತೀರ್ಪುಗಾರರ ಭೇಟಿ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಇವತ್ತಿಗೂ ಅವರು ಬಂದಿಲ್ಲ. ಗಿರಾಕಿಗಳು ಬೇರೆ ದಾರಿ ಹಿಡಿದರು, ಅಂಗಡಿಯವರು ಬೇರೆ ಕೆಲಸ ಹಿಡಿದರು, ಮೌಶಿ ಕುರ್ಲಾದ ಮಗಳ ಮನೆ ಸೇರಿದರು. ಅಂಗಡಿ ಮುಚ್ಚಿಸಿ ಪೇಟೆ ಬೆಳೆಸುವ ಈ ವಿದ್ಯೆಯನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೆ, ಮಾನ್ಯರೇ? ನಾನು ಶಾಲೆ ಬಿಟ್ಟ ಮೇಲಿನ ಪಾಠವಿರಬೇಕು.

ದಂಡ ಹಾಕಿದರೆ ಹಾಕಲಿ ಎಂದು ನಾನು ಮಾತ್ರ ದಿನಾ ಶಟರ್ ಎತ್ತುತ್ತೇನೆ. ಇಡೀ ಬೀದಿಯಲ್ಲಿ ಅದೊಂದೇ ಸದ್ದು. ಆಚೆಗೂ ಈಚೆಗೂ ಬಣ್ಣದ ಹಕ್ಕಿಗಳು. ಒಂದೂ “ತಮ್ಮಾ” ಎನ್ನುವುದಿಲ್ಲ. ಮೌಶಿಯ ಚಾಕು ನನ್ನಲ್ಲೇ ಉಳಿದಿದೆ. ಮೊನ್ನೆ ಫೋನ್ ಮಾಡಿದರೆ, “ಶಟರ್ ತಗೀರಿ ಅಂತ ಸಾಹೇಬ್ರು ಬರದ ಕೊಡ್ಲಿ, ನಾಳೆನ ಬರ್ತೀನಿ. ಈ ವಯಸ್ಸಿನಾಗ ದಂಡಾ ಎಲ್ಲಿಂದ ಕಟ್ಲೊ?” ಎಂದರು.

ಆದ್ದರಿಂದ ಬರೆದು ಕೊಡಿ. ಹಗಲು ಶಟರ್ ಎತ್ತಲು ಅಡ್ಡಿಯಿಲ್ಲವೆಂದು ಸಹಿ ಹಾಕಿ, ಬೀದಿಯ ಬಾಯಲ್ಲಿ ಅಂಟಿಸಿ. ಚಿತ್ರ ನೋಡುವವರು ಅಂಗಡಿ ಮುಚ್ಚಿದ ಮೇಲೆ ಬರಲಿ. ಮರುದಿನ ಬೆಳಿಗ್ಗೆ ನೀವೊಬ್ಬರೇ, ಕ್ಯಾಮೆರಾ ಇಲ್ಲದೆ ಬಂದು ಮೌಶಿಯ ಅಂಗಡಿಯಲ್ಲಿ ಒಂದು ರೊಟ್ಟಿ ಕೊಳ್ಳಿ. ನನ್ನಲ್ಲಿ ಏನೂ ಕೊಳ್ಳಬೇಡಿ. ನನ್ನ ಬೋಣಿಗೆ ಅವರಿದ್ದಾರೆ.

ಇಂತಿ,
ದಿನಾ ಬೆಳಿಗ್ಗೆ ನಿಮ್ಮ ನವಿಲನ್ನು ಸುತ್ತಿ ಮೇಲಿಡುವ
ಅಲ್ತಮಶ, ಮಿಕ್ಸರ್ ರಿಪೇರಿ